ಗಂಧಕದ ಬಟ್ಟಲು, ಬ್ಯಾಂಡೇಜಿನ ದಾರ

ಬೆಳಗಿನ ಆರು ಗಂಟೆ. ಶಿವಮೊಗ್ಗದ ದನದ ಆಸ್ಪತ್ರೆಯ ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆಯೊಂದು ಹೊಗೆಯಾಡುತ್ತಿದೆ. ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಹೊಂಗೆ ಎಣ್ಣೆ, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ ಫಕ್ರುದ್ದೀನ್ ಸಾಬರು. ಅಂಚು ಒಡೆದ ಪಿಂಗಾಣಿ ಬಟ್ಟಲಿಗೆ ಗಂಧಕದ ಪುಡಿ ಹಾಕಿಕೊಂಡು, ಬೆಚ್ಚಗಾದ ಎಣ್ಣೆಯನ್ನು ಚಮಚ ಚಮಚವಾಗಿ ಬಿಡುತ್ತಾ ಮರದ ಕಡ್ಡಿಯಲ್ಲಿ ತಿರುವುತ್ತಿದ್ದಾರೆ. ಒಂದು ಗಂಟೂ ಉಳಿಯಬಾರದು. ನಡುನಡುವೆ ಒಂದು ತೊಟ್ಟನ್ನು ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟುಕೊಂಡು ಬಿಸಿ ನೋಡುತ್ತಾರೆ, ಕೂಸಿಗೆ ಹಾಲು ಕುಡಿಸುವ ಮೊದಲು ತಾಯಂದಿರು ನೋಡುವ ಹಾಗೆ.

"ಎರಡು ತಿಂಗಳ ಮರಿ ಚರ್ಮ ಅಂದ್ರೆ ಈರುಳ್ಳಿ ಸಿಪ್ಪೆ ಸ್ವಾಮಿ. ನಮ್ಮ ಕೈಗೆ ಬೆಚ್ಚಗಿದ್ದಿದ್ದು ಅದಕ್ಕೆ ಸುಡುತ್ತೆ," ಎನ್ನುತ್ತಾರೆ.

ಹೊಂಗೆ ಎಣ್ಣೆಯ ಕಮಟು, ಗಂಧಕದ ನಾತ ಎರಡೂ ಸೇರಿ ಬೀದಿಯವರೆಗೂ ಹೋಗುತ್ತದೆ. ಆಸ್ಪತ್ರೆಯ ಮುಂದೆ ನಿಲ್ಲುವ ಜಟಕಾದವರು, ಸಾಬರು ಬಂದರೋ ಇಲ್ಲವೋ ಎಂದು ಒಳಗೆ ಇಣುಕಿ ನೋಡುವುದೇ ಇಲ್ಲ. ತಮ್ಮ ಕುದುರೆ ಸೀನಿದರೆ ಸಾಬರು ಬಂದರು ಎಂದೇ ಅರ್ಥವಂತೆ. ಈ ತಮಾಷೆ ಸಾಬರ ಕಿವಿಗೂ ಬಿದ್ದಿದೆ. ಅವರು ನಗುತ್ತಾರೆ, ಬಟ್ಟಲು ತಿರುವುವುದನ್ನು ಮಾತ್ರ ನಿಲ್ಲಿಸುವುದಿಲ್ಲ.

ಫಕ್ರುದ್ದೀನರಿಗೆ ಈಗ ನಲವತ್ತಮೂರು. ಎತ್ತುಗಳಿಗೆ ಲಾಳ ಕಟ್ಟುತ್ತಿದ್ದವರ ಮಗ. ದನದ ಕಾಲು ಹಿಡಿಯುವುದು, ಒದೆ ತಪ್ಪಿಸಿಕೊಳ್ಳುವುದು ಅಪ್ಪನಿಂದಲೇ ಬಂದ ವಿದ್ಯೆ. ೧೯೪೭ರಲ್ಲಿ ಆಸ್ಪತ್ರೆಗೆ ಡ್ರೆಸರ್ ಆಗಿ ಸೇರಿದರು, ಹದಿನಾಲ್ಕು ವರ್ಷವಾಯಿತು. ದಿನಕ್ಕೆ ಮೂವತ್ತು ಮೂವತ್ತೈದು ದನ ಬರುತ್ತವೆ. ಗೊರಸು ಒಡೆದದ್ದು, ಕೊಂಬು ಮುರಿದದ್ದು, ಹೊಟ್ಟೆ ಉಬ್ಬಿದ್ದು, ಕೆಚ್ಚಲು ಬಾತದ್ದು. ಡಾಕ್ಟರು ನೋಡಿ ಹೇಳಿದ್ದನ್ನು ತೊಳೆದು, ಹಚ್ಚಿ, ಕಟ್ಟುವುದು ಇವರ ಕೆಲಸ. ಇವೆಲ್ಲ ಮುಂದಿನ ಬಾಗಿಲಿನಿಂದ, ರಾಜಾರೋಷವಾಗಿ, ಕೊರಳ ಗಂಟೆ ಬಾರಿಸಿಕೊಂಡು ಬರುವ ರೋಗಿಗಳು.

ಹಿಂದಿನ ಬಾಗಿಲಿನಿಂದ ಬರುವವರು ಬೇರೆ. ಮಧ್ಯಾಹ್ನ ಜನ ಕರಗಿದ ಮೇಲೆ ಒಬ್ಬರೋ ಇಬ್ಬರೋ ಬುಟ್ಟಿಗೆ ಬಟ್ಟೆ ಮುಚ್ಚಿಕೊಂಡು ಬರುತ್ತಾರೆ. ಬುಟ್ಟಿಯಲ್ಲಿ ಕೂದಲುದುರಿದ ನಾಯಿಮರಿ. ಕಜ್ಜಿ ನಾಯಿ ಎನ್ನುವುದು ನಮ್ಮಲ್ಲಿ ಬೈಗುಳ. ಬೈಗುಳವನ್ನು ತಲೆಯ ಮೇಲೆ ಹೊತ್ತುಕೊಂಡು ಮುಂದಿನ ಬಾಗಿಲಿನಿಂದ ಬರಲು ಯಾರಿಗೆ ಮನಸ್ಸಾಗುತ್ತದೆ? ಅವುಗಳ ಆರೈಕೆ ಪೂರಾ ಫಕ್ರುದ್ದೀನರದು. ಯಾರೂ ಅವರಿಗೆ ಒಪ್ಪಿಸಿದ್ದಲ್ಲ, ಬೇರೆ ಯಾರೂ ಮುಟ್ಟದ್ದರಿಂದ ಅವರ ಪಾಲಿಗೆ ಬಂದದ್ದು.

ಮನೆಯಲ್ಲಿ ಇದರಿಂದ ಆದ ರಾಮಾಯಣ ಸಣ್ಣದಲ್ಲ. ನಾಯಿಯ ಜೊಲ್ಲು ತಾಗಿದ ಬಟ್ಟೆಯಲ್ಲಿ ನಮಾಜು ಕೂಡದು. ಆದ್ದರಿಂದ ಹೆಂಡತಿ ಸರ್ವರ್ ಬೀ ಹದಿನಾಲ್ಕು ವರ್ಷದಿಂದ ಒಂದು ಕಾನೂನು ನಡೆಸಿಕೊಂಡು ಬಂದಿದ್ದಾರೆ. ಸಾಬರು ಹಿತ್ತಿಲ ಬಾಗಿಲಿನಿಂದಲೇ ಬರಬೇಕು, ಅಲ್ಲೇ ಹಂಡೆಯ ಬಿಸಿನೀರಿನಲ್ಲಿ ತಲೆಯಿಂದ ಕಾಲಿನವರೆಗೆ ಮೀಯಬೇಕು, ಆಸ್ಪತ್ರೆಯ ಅಂಗಿ ಹೊರಗಿನ ಗೂಟ ದಾಟಬಾರದು. ನೆಂಟರಿಷ್ಟರು ಮೂಗು ಮುರಿದಾಗ ಮಾತ್ರ ಅದೇ ಸರ್ವರ್ ಬೀ ಗಂಡನ ಪರ. "ಮೈ ತೊಳೆದ್ರೆ ಹೋಗುತ್ತೆ. ಬಾಯಿ ಇಲ್ಲದ್ದು ನರಳೋದನ್ನ ನೋಡ್ಕೊಂಡು ಸುಮ್ನೆ ಬಂದ್ರೆ, ಅದು ಯಾವ ನೀರಲ್ಲಿ ಹೋಗುತ್ತೆ?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಾರೆ.

ಸಾಬರ ಕೆಲಸದಲ್ಲಿ ಒಂದು ವಿಚಿತ್ರ ಕ್ರಮವಿದೆ. ಮರಿಯ ಮೈಯನ್ನು ಮನಸ್ಸಿನಲ್ಲೇ ನಾಲ್ಕು ಪಾಲು ಮಾಡುತ್ತಾರೆ. ಒಂದು ದಿನಕ್ಕೆ ಒಂದು ಪಾಲಿಗೆ ಮಾತ್ರ ಔಷಧಿ. ಇವತ್ತು ಮುಂದಿನ ಬಲಗಡೆ, ನಾಳೆ ಮುಂದಿನ ಎಡಗಡೆ, ಹೀಗೆ. ಯಾವ ಪಾಲು ಮುಗಿಯಿತೆಂದು ಮರೆಯದಿರಲು ಬ್ಯಾಂಡೇಜಿನ ಅಂಚಿನಿಂದ ಒಂದು ದಾರ ಎಳೆದು ಆ ಕಡೆಯ ಕಾಲಿಗೆ ಕಟ್ಟುತ್ತಾರೆ. ಮರುದಿನ ದಾರ ಬಿಚ್ಚಿ ಆ ದಿನದ ಪಾಲಿನ ಕಾಲಿಗೆ. ಯಾರು ಎಷ್ಟೇ ಅವಸರ ಮಾಡಿದರೂ ಒಂದೇ ದಿನ ಇಡೀ ಮೈಗೆ ಹಚ್ಚುವುದಿಲ್ಲ.

ಇದರ ಹಿಂದೆ ಎರಡು ಸಾವಿದೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ, ಒಂದೇ ಸೂಲಿನ ನಾಲ್ಕು ಮರಿಗಳು ಬಂದವು. ಅವತ್ತು ಡಾಕ್ಟರು ಹಳ್ಳಿಯ ಕಡೆ ಹೋಗಿದ್ದರು. ದನಗಳ ಉಣುಗಿಗೆ ಹಾಕುವ ಕಟುವಾದ ಔಷಧಿಯನ್ನೇ ತೆಗೆದುಕೊಂಡು, ಬೇಗ ಗುಣವಾಗಲಿ ಎಂಬ ಆಸೆಯಿಂದ, ಫಕ್ರುದ್ದೀನರು ನಾಲ್ಕಕ್ಕೂ ಮೂತಿಯಿಂದ ಬಾಲದವರೆಗೆ ಬಳಿದರು. ಸಂಜೆಯ ಹೊತ್ತಿಗೆ ಎರಡು ಮರಿಗಳು ಕಾಲು ಸೆಟೆದು ಮಲಗಿದವು. ಬದುಕಿದ ಎರಡು ಅವುಗಳ ಪಕ್ಕದಲ್ಲಿ ಕೂತಿದ್ದವಂತೆ. ಅದನ್ನು ಹೇಳುವಾಗ ಸಾಬರು ಬಟ್ಟಲನ್ನು ಕೆಳಗಿಡುತ್ತಾರೆ. ಹನ್ನೊಂದು ವರ್ಷವಾದರೂ ಆ ಮರಿಗಳ ಬಣ್ಣ ಅವರಿಗೆ ಮರೆತಿಲ್ಲ.

"ಔಷಧಿ ತಪ್ಪು, ನನ್ನ ಅವಸರ ಅದಕ್ಕಿಂತ ದೊಡ್ಡ ತಪ್ಪು. ಡಾಕ್ಟ್ರು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ.

ಈ ದಾರವೇ ಮೊನ್ನೆ ಜನವರಿಯಲ್ಲಿ ಅವರನ್ನು ಪೇಚಿಗೆ ಸಿಲುಕಿಸಿತು.

ಭದ್ರಾವತಿಯ ಕಾರ್ಖಾನೆಯ ವಸತಿ ಸಾಲಿನಿಂದ ಭವಾನಿ ಎಂಬ ಹೆಂಗಸು ಒಂದು ಮರಿಯನ್ನು ತಂದರು. ಗಂಡ ಶೇಷಪ್ಪ ಕಾರ್ಖಾನೆಯಲ್ಲಿ ಪಾಳಿ ಕೆಲಸದವರು. ಮದುವೆಯಾಗಿ ಎಂಟು ವರ್ಷ, ಮಕ್ಕಳಿಲ್ಲ. ಮನೆ ಬಾಗಿಲಿಗೆ ತಾನಾಗಿ ಬಂದು ಸೇರಿದ ಮರಿಗೆ ಗುಂಡ ಎಂದು ಹೆಸರಿಟ್ಟಿದ್ದರು, ಬಂದಾಗ ಗುಂಡಗಿತ್ತಂತೆ. ಆಸ್ಪತ್ರೆಗೆ ಬಂದ ದಿನ ಅದರ ಪಕ್ಕೆಲುಬು ಎಣಿಸಬಹುದಿತ್ತು. ಬಲಗಡೆ ಪಕ್ಕೆಯ ಮೇಲೆ ಅಂಗೈ ಅಗಲ ಕೂದಲೇ ಇಲ್ಲ, ಕಣ್ಣಿನ ಸುತ್ತ ಚರ್ಮ ಕೆಂಪಗೆ ಒಡೆದಿತ್ತು. ಸಾಲದ್ದಕ್ಕೆ ಮೈತುಂಬ ಕರಿ ಜಿಡ್ಡು. ಯಂತ್ರದಿಂದ ತೆಗೆದ ಸುಟ್ಟ ಎಣ್ಣೆ ಹಚ್ಚಿದರೆ ಕಜ್ಜಿ ಹೋಗುತ್ತದೆಂದು ಸಾಲಿನಲ್ಲಿ ಯಾರೋ ಹೇಳಿದ್ದರು. ಆ ಎಣ್ಣೆ ತೊಳೆದು ತೆಗೆಯುವುದಕ್ಕೇ ಸೀಗೆಪುಡಿ ಹಾಕಿ ಮೂರು ಸಲ ನೀರು ಕಾಯಿಸಬೇಕಾಯಿತು.

ಡಾಕ್ಟರ್ ವೆಂಕಟಾಚಲ ಅವರು ಬ್ಲೇಡಿನಿಂದ ಚರ್ಮ ಸ್ವಲ್ಪ ಕೆರೆದು, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆಮೇಲೆ ಫಕ್ರುದ್ದೀನರನ್ನೂ ಕರೆದು ತೋರಿಸಿದರು. ಬೀಡಿಯ ಆಕಾರದ ಉದ್ದನೆಯ ಹುಳಗಳು. ಇವು ಇನ್ನೊಂದು ಬಗೆಯ ಕಜ್ಜಿ ತರುವ ದುಂಡನೆಯ ಹುಳಗಳ ಹಾಗಲ್ಲ, ಮನುಷ್ಯರಿಗೆ ಅಂಟುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅದನ್ನೇ ಸಾಬರು ಭವಾನಿಗೆ ತಮ್ಮ ಮಾತಿನಲ್ಲಿ ಹೇಳಿದರು. "ಈ ಹುಳ ಎಲ್ಲಾ ಮರಿ ಮೈಯಲ್ಲೂ ಒಂದಿಷ್ಟು ಇರ್ತಾವೆ ಭವಾನಮ್ಮ. ತ್ರಾಣ ಇರೋ ಮರಿ ಅದನ್ನ ತಲೆ ಎತ್ತೋಕೆ ಬಿಡಲ್ಲ. ನಿಮ್ಮ ಗುಂಡಂಗೆ ತ್ರಾಣ ಇಲ್ಲ. ನಾನು ಮೇಲೆ ಹಚ್ಚಬಹುದು, ಒಳಗಿಂದು ನೀವು ಮಾಡ್ಬೇಕು."

ಒಳಗಿನದು ಎಂದರೆ ಮೊದಲು ಹೊಟ್ಟೆಯ ಜಂತುಹುಳಕ್ಕೆ ಔಷಧಿ. ಆಮೇಲೆ ಬರೀ ಅನ್ನ ಸಾರಿನ ಬದಲು ರಾಗಿ ಅಂಬಲಿ, ಹಾಲು, ದಿನಕ್ಕೊಂದು ಬೇಯಿಸಿದ ಮೊಟ್ಟೆ, ಒಂದು ಚಮಚ ಮೀನೆಣ್ಣೆ, ಬೆಳಗಿನ ಎಳೆ ಬಿಸಿಲು. ಮೊಟ್ಟೆ ಎಂದ ಕೂಡಲೇ ಭವಾನಿಯ ಮುಖ ಸಣ್ಣಗಾಯಿತು. ಅವರದು ಮೊಟ್ಟೆ ಹೊಕ್ಕ ಮನೆಯಲ್ಲ. ನೋಡೋಣ ಎಂದರು. ಸಾಬರು ಮುಂದಿನ ಬಲಗಡೆಗೆ ಔಷಧಿ ಹಚ್ಚಿದರು. ಪ್ರತಿ ಕೆಲಸಕ್ಕೂ ಹೇಳಿಕೊಳ್ಳುವ ಹಾಗೆ ಮೆಲ್ಲಗೆ ಬಿಸ್ಮಿಲ್ಲಾ ಎಂದು ದಾರ ಕಟ್ಟಿದರು. ನಾಳೆಯಿಂದ ದಾರ ಬದಲಿಸುತ್ತಾ ಹೇಗೆ ಹಚ್ಚಬೇಕೆಂದು ಎರಡೆರಡು ಸಲ ಹೇಳಿ, ಔಷಧಿಯ ಡಬ್ಬಿ ಕೊಟ್ಟು ಕಳಿಸಿದರು.

ಮುಂದಿನ ತಪ್ಪು ನಡೆದದ್ದು ಇಲ್ಲೇ. ಭವಾನಿಯ ಕೈಯಲ್ಲಿ ಆಗಲೇ ಐದು ದಾರಗಳಿದ್ದವು. ಮಗುವಿಗಾಗಿ ಎರಡು ದೇವಸ್ಥಾನದಲ್ಲಿ, ಮೂರು ದರ್ಗಾದಲ್ಲಿ ಕಟ್ಟಿಸಿಕೊಂಡವು. ಗಡ್ಡದ ಸಾಬರು ತುಟಿ ಅಲ್ಲಾಡಿಸುತ್ತಾ ಬಿಳಿ ದಾರ ಕಟ್ಟಿದ್ದನ್ನು ಕಣ್ಣಾರೆ ಕಂಡ ಮೇಲೆ ಅವರಿಗೆ ಬೇರೆ ಏನನ್ನಿಸಬೇಕು? ಅದು ಮಂತ್ರಿಸಿದ ದಾರ, ಬಿಚ್ಚಿದರೆ ಕೆಡುಕು ಎಂದು ತೀರ್ಮಾನಿಸಿದರು. ದಾರ ಇರುವಾಗ ನಾತದ ಎಣ್ಣೆ ಯಾಕೆ, ಮನೆಗೆ ಮೊಟ್ಟೆ ಯಾಕೆ? ಡಬ್ಬಿ ಅಟ್ಟ ಸೇರಿತು.

ಹನ್ನೊಂದು ದಿನದ ಮೇಲೆ ಒಂದು ಭಾನುವಾರ ಫಕ್ರುದ್ದೀನರು ಭದ್ರಾವತಿಗೆ ಹೋದರು. ಅದು ಸರ್ವರ್ ಬೀಯ ತವರು. ತಿಂಗಳಿಗೆ ಎರಡು ಸಲ ಹೋಗುವುದು ರೂಢಿ. ಹೋದಾಗ ಅಲ್ಲಿಯ ತಮ್ಮ ರೋಗಿಗಳನ್ನು ನೋಡಿ ಬರುವುದೂ ರೂಢಿ. ಶೇಷಪ್ಪನವರ ಮನೆ ಮುಂದೆ ನಾಲ್ಕೈದು ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಕೂತಿದ್ದರು. ಸಾಬರನ್ನು ಕಂಡ ಕೂಡಲೇ ಎದ್ದು ನಿಂತು, ತಮ್ಮ ಮಕ್ಕಳಿಗೂ ಒಂದು ದಾರ ಕಟ್ಟಬೇಕೆಂದರು.

ಒಳಗೆ ಗುಂಡ, ದೇವರ ಪಟದ ಕೆಳಗೆ ಗೋಣಿಯ ಮೇಲೆ ಮಲಗಿತ್ತು. ಕಾಲಿನ ದಾರಕ್ಕೆ ಅರಿಸಿನ ಕುಂಕುಮ. ಮೈಯೆಲ್ಲ ಹಸಿಗೆಂಪು, ಮೂಗು ಒಣಗಿ ಬಿಸಿಯಾಗಿತ್ತು. ಹೆಸರು ಕರೆದರೆ ಬಾಲದ ತುದಿ ಮಾತ್ರ ಅಲುಗಿತು. ಬಾಗಿಲಲ್ಲಿ ಪಕ್ಕದ ಮನೆಯ ದುರ್ಗಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಕೋಳಿ ಸಾಕಿಕೊಂಡಿದ್ದ ಗಟ್ಟಿಗಿತ್ತಿ, ಇಡೀ ಸಾಲಿಗೆ ಅವರ ಮಾತೇ ಮಾತು. ಮಕ್ಕಳು ತುರಿಸಿಕೊಳ್ಳುತ್ತಿವೆ, ಇನ್ನು ಹದಿನೈದು ದಿನಕ್ಕೆ ನಾಯಿ ಹಿಡಿಯುವ ಗಾಡಿ ಬರುತ್ತದೆ, ಈ ಮರಿಯನ್ನು ಅದಕ್ಕೇ ಕೊಡುವುದೆಂದು ಸಾಲಿನವರೆಲ್ಲ ಕೂಡಿ ಗೊತ್ತು ಮಾಡಿದ್ದೇವೆ ಎಂದು ಹೇಳಿದರು. ಗಾಡಿಗೆ ಹೋದ ನಾಯಿ ವಾಪಸು ಬರುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಸಾಬರಿಗೆ ಆ ಕ್ಷಣ ಒಂದು ಸುಲಭದ ದಾರಿ ಕಂಡಿತ್ತು. ಅದನ್ನು ಅವರು ಮುಚ್ಚಿಡುವುದಿಲ್ಲ. ದಾರ ಮಂತ್ರಿಸಿದ್ದೇ, ಆದರೆ ಎಣ್ಣೆ ಹಚ್ಚದಿದ್ದರೆ, ಮೊಟ್ಟೆ ಹಾಕದಿದ್ದರೆ ಫಲ ಕೊಡುವುದಿಲ್ಲ ಎಂದುಬಿಟ್ಟಿದ್ದರೆ ಭವಾನಿ ಅಂದೇ ಎಲ್ಲವನ್ನೂ ಮಾಡುತ್ತಿದ್ದರು. ಸಾಬರಿಗೂ ದೊಡ್ಡ ಹೆಸರು ಬರುತ್ತಿತ್ತು. ಅವರು ಜೇಬಿನಿಂದ ಕತ್ತರಿ ತೆಗೆದು ಎಲ್ಲರೆದುರು ದಾರ ಕತ್ತರಿಸಿದರು. ಭವಾನಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು.

"ಇದು ಬ್ಯಾಂಡೇಜಿನ ದಾರ ತಾಯಿ. ಆಸ್ಪತ್ರೆಲಿ ಗಜಗಟ್ಟಲೆ ಬಿದ್ದಿರುತ್ತೆ. ನಿಮ್ಮ ಕೈಯಲ್ಲಿರೋದು ನಿಮ್ಮದು, ನಾನು ಮಾತಾಡಲ್ಲ. ಇದರಲ್ಲಿ ಏನೂ ಇಲ್ಲ. ನನ್ನ ಕೈಯಲ್ಲೂ ಏನೂ ಇಲ್ಲ, ಇದೇ ಕೈಯಲ್ಲಿ ಎರಡು ಮರಿ ಸತ್ತಿದ್ದಾವೆ," ಎಂದರು. ಹನ್ನೊಂದು ವರ್ಷದಲ್ಲಿ ಹೆಂಡತಿ ಮತ್ತು ಡಾಕ್ಟರನ್ನು ಬಿಟ್ಟು ಯಾರಿಗೂ ಹೇಳದ ಕಥೆಯನ್ನು ಆ ಬಾಗಿಲಲ್ಲಿ ಕೂತು ಪೂರಾ ಹೇಳಿದರು. ಮಕ್ಕಳ ಬೆರಳ ಸಂದಿಗಳನ್ನು ನೋಡಿ, ಇದು ಮಕ್ಕಳಿಂದ ಮಕ್ಕಳಿಗೆ ಬಂದ ಕಜ್ಜಿ, ಮರಿಯದಲ್ಲ, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಬುದ್ಧಿ ಹೇಳಿದರು. ತಾನು ಕಟ್ಟಿದ ದಾರದಿಂದಲೇ ಇಷ್ಟೆಲ್ಲ ಆಯಿತು ಎಂಬುದು ಅವರನ್ನು ಕೊರೆಯುತ್ತಿತ್ತು. ಮರಿ ಸತ್ತರೆ ಇದು ಮೂರನೆಯದಾಗುತ್ತಿತ್ತು.

ಅಂದಿನಿಂದ ದಾರ ರದ್ದು. ಅದರ ಬದಲು ಗಾಯಕ್ಕೆ ಹಚ್ಚುವ ನೇರಳೆ ಔಷಧಿಯ ಚುಕ್ಕೆ. ಆ ಬಣ್ಣ, ಆ ವಾಸನೆ ಕಂಡರೆ ಯಾರೂ ಅದನ್ನು ಪ್ರಸಾದ ಎಂದುಕೊಳ್ಳಲಾರರು. ಭವಾನಿ ಕಣ್ಣೊರೆಸಿಕೊಂಡು ಅಟ್ಟದಿಂದ ಡಬ್ಬಿ ಇಳಿಸಿದರು. ಬೇವಿನ ಸೊಪ್ಪು ಕುದಿಸಿದ ನೀರು, ಬಿಸಿಲು, ದಿನಕ್ಕೊಂದು ಪಾಲು ಔಷಧಿ, ಎರಡು ಹೊತ್ತು ಅಂಬಲಿ ಸಾಂಗವಾಗಿ ನಡೆಯಿತು. ಉಳಿದದ್ದು ಮೊಟ್ಟೆಯ ಪ್ರಶ್ನೆ. ಅದನ್ನು ಬಿಡಿಸಿದವರು ದುರ್ಗಮ್ಮ. ಮರುದಿನ ಬೆಳಿಗ್ಗೆ ಗೊಣಗಿಕೊಂಡೇ ಬೇಯಿಸಿದ ಮೊಟ್ಟೆಯೊಂದನ್ನು ಎಲೆಯಲ್ಲಿ ತಂದು, ಹೊಸ್ತಿಲ ಹೊರಗೆ ಕೂತು, ಮರಿಗೆ ತಾವೇ ತಿನ್ನಿಸಿದರು. ಮಕ್ಕಳ ಕಜ್ಜಿ ಮರಿಯಿಂದಲ್ಲವೆಂದು ದೊಡ್ಡಾಸ್ಪತ್ರೆಯವರೂ ಹೇಳಿದ ಮೇಲೆ ಗೊಣಗುವುದು ನಿಂತಿತು, ಮೊಟ್ಟೆ ನಿಲ್ಲಲಿಲ್ಲ.

ಹದಿನೈದನೇ ದಿನ ಗಾಡಿ ಬಂತು. ಗುಂಡನ ಗಾಯ ಒಣಗಿತ್ತು, ಆದರೆ ಮೈ ಇನ್ನೂ ಬೋಳು. ಗಾಡಿಯವರಿಗೆ ಯಾವುದು ಗುಣವಾಗುತ್ತಿರುವ ಕಜ್ಜಿ, ಯಾವುದು ಹೊಸ ಕಜ್ಜಿ ಎಂದು ವಿವರಿಸುವವರು ಯಾರು? ಭವಾನಿ ನೀರಿಗೆ ಹೋಗಿದ್ದರು. ದುರ್ಗಮ್ಮ ಓಡಿಬಂದು ಮರಿಯನ್ನು ಎತ್ತಿಕೊಂಡು ತಮ್ಮ ಕೋಳಿ ಮುಚ್ಚುವ ಪಂಜರದೊಳಗೆ ತಳ್ಳಿ, ಅದರ ಮೇಲೆ ಗೋಣಿ ಹೊದಿಸಿ, ಪಕ್ಕದಲ್ಲೇ ಕೂತು ಅಕ್ಕಿ ಆರಿಸತೊಡಗಿದರಂತೆ. ಒಳಗೆ ಮೂರು ಹೇಂಟೆಗಳು ಆಕಾಶ ಭೂಮಿ ಒಂದು ಮಾಡಿದವು. ಗಾಡಿಯವರು ಕೇಳಿದ್ದಕ್ಕೆ, ಹಾವು ನುಗ್ಗಿದೆ, ತೆಗೆದುಕೊಡುತ್ತೀರಾ ಎಂದು ದುರ್ಗಮ್ಮ ಕೇಳಿದರು. ಅವರು ನಿಲ್ಲದೆ ಹೋದರು. ಮುಂದಿನ ಭಾನುವಾರ ಈ ಸಂಗತಿ ಕೇಳಿದಾಗ ಸಾಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅದರಲ್ಲಿ ನಗುವಿನ ನೀರೆಷ್ಟು, ಹಗುರಾದ ಜೀವದ ನೀರೆಷ್ಟು ಎಂದು ಅವರಿಗೇ ತಿಳಿಯಲಿಲ್ಲ.

ಈಗ ಏಪ್ರಿಲ್. ಬಟ್ಟಲಿನ ಔಷಧಿ ಹದಕ್ಕೆ ಬಂದಿದೆ. ಸಾಬರು ಅದನ್ನು ಡಬ್ಬಿಗಳಿಗೆ ತುಂಬುತ್ತಿದ್ದಾರೆ. ನಡುನಡುವೆ ಕತ್ತೆತ್ತಿ ಬೀದಿಯ ಕಡೆ ನೋಡುತ್ತಾರೆ. ಕೊನೆಯ ಸಲ ಡಾಕ್ಟರಿಗೆ ತೋರಿಸಲು ಭವಾನಿ ಇವತ್ತು ಮೊದಲ ರೈಲಿಗೆ ಬರುತ್ತೇನೆಂದಿದ್ದಾರೆ. ಇಷ್ಟು ವರ್ಷ ದುಡಿದಿದ್ದೀರಿ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಇನ್ನೊಂದು ಡಬ್ಬಿಯ ಮುಚ್ಚಳ ಒತ್ತುತ್ತಾರೆ. ಬಡ್ತಿಯ ಮಾತು ಬರಬಹುದು, ಹೊಸ ಬಟ್ಟಲಿನ ಮಾತಾದರೂ ಬರಬಹುದು ಎಂದುಕೊಂಡರೆ ಅದಾವುದೂ ಇಲ್ಲ.

"ಕಜ್ಜಿ ಹತ್ತಿದ ಮರಿನ ಬಟ್ಟೆ ಮುಚ್ಚದೆ ತರೋ ಹಾಗಾಗ್ಬೇಕು ಸ್ವಾಮಿ. ದನ ಬರೋ ಬಾಗಿಲಲ್ಲೇ. ಮುಚ್ಚಿಟ್ಟು ಮುಚ್ಚಿಟ್ಟು ಕಾಯಿಲೆ ಜೋರಾದ್ಮೇಲೆ ತರ್ತಾರೆ. ಅಷ್ಟರಲ್ಲಿ ಮರಿ ಅರ್ಧ ಹೋಗಿರುತ್ತೆ," ಎನ್ನುತ್ತಾರೆ.

ಏಳು ಗಂಟೆ ದಾಟಿರಬೇಕು. ಬಾಗಿಲಲ್ಲಿ ಎತ್ತುಗಳು ಸೇರುತ್ತಿವೆ. ಅವುಗಳ ಕಾಲ ಸಂದಿಯಿಂದ ನುಸುಳಿಕೊಂಡು, ಹಗ್ಗ ಹಿಡಿದ ಭವಾನಿಯನ್ನು ಎಳೆದುಕೊಂಡು, ಕಂದು ಬಣ್ಣದ ನಾಯಿಯೊಂದು ಮುಂದಿನ ಬಾಗಿಲಿನಿಂದ ಒಳಕ್ಕೆ ಬರುತ್ತದೆ. ಬುಟ್ಟಿ ಇಲ್ಲ, ಬಟ್ಟೆ ಇಲ್ಲ. ಎತ್ತೊಂದಕ್ಕೆ ಬೊಗಳಿ ತನ್ನ ಹಕ್ಕನ್ನೂ ಸ್ಥಾಪಿಸುತ್ತದೆ. ಸಾಬರು ಬಟ್ಟಲು ಬಿಟ್ಟು ಎದ್ದು ಬಂದು, ಅದರ ಮುಂದೆ ಕೂತು, ಬಲ ಪಕ್ಕೆಯ ಕೂದಲಿನಲ್ಲಿ ಹಿಮ್ಮುಖವಾಗಿ ಬೆರಳಾಡಿಸುತ್ತಾರೆ. ಒಂದು ಸಲ, ಎರಡು ಸಲ. ಗುಂಡ ಅವರ ಗಡ್ಡ ನೆಕ್ಕುತ್ತದೆ. ಇವತ್ತು ಸರ್ವರ್ ಬೀಯ ಹಂಡೆಗೆ ಎರಡು ಕೊಡ ಹೆಚ್ಚು ನೀರು ಬೇಕಾದೀತು.

"ಎಲ್ಲಿತ್ತು ಭವಾನಮ್ಮ?"

"ಅಲ್ಲೇ ಸಾಬ್ರೇ, ನಿಮ್ಮ ಕೈ ಕೆಳಗೆ. ಅಂಗೈ ಅಗಲ ಇತ್ತಲ್ಲ."

ಫಕ್ರುದ್ದೀನರು ಇನ್ನೊಂದು ಸಲ ಹುಡುಕುತ್ತಾರೆ. ಅಂಗೈಯಡಿ ದಟ್ಟವಾದ ಕೂದಲು, ಅದರಡಿ ಬೆಚ್ಚನೆಯ ಪಕ್ಕೆ, ಎಣಿಸಲು ಎಲುಬು ಸಿಗುವುದಿಲ್ಲ.

"ನನಗೆ ಸಿಗ್ತಾ ಇಲ್ಲ," ಎನ್ನುತ್ತಾರೆ, ಕೈ ಮಾತ್ರ ತೆಗೆಯದೆ.